ಇಸ್ತ್ರಿಯಮ್ಮನ ಬಾಯಿ, ಸೊಸೆಯ ಹಠ

ಆ ಬೀದಿಯಲ್ಲಿ ಹಠಕ್ಕೆ ಹೆಸರಾದ ಹೆಂಗಸರು ಇಬ್ಬರು. ಇಬ್ಬರೂ ಒಂದೇ ಮನೆಯವರು, ಒಂದೇ ಇಸ್ತ್ರಿ ಅಂಗಡಿಯವರು. ಒಬ್ಬಳು ಅತ್ತೆ, ಇನ್ನೊಬ್ಬಳು ಸೊಸೆ. ಇನ್ನು ಒಬ್ಬಳಿಗೆ ಮಗನೂ ಇನ್ನೊಬ್ಬಳಿಗೆ ಗಂಡನೂ ಆದ ಆ ಮನೆಯ ಗಂಡಸಿನ ಗತಿ ಏನೆಂದು ಬಿಡಿಸಿ ಹೇಳಬೇಕೆ? ಬಟ್ಟೆ ಗಂಟು ಹೊತ್ತು ಮನೆಮನೆಗೆ ಮುಟ್ಟಿಸುವ ಕೆಲಸವನ್ನು ಅವನು ಆರಿಸಿಕೊಂಡದ್ದೇ, ದಿನದ ಹೆಚ್ಚು ಹೊತ್ತು ಹೊರಗೆ ಇರಬಹುದು ಅಂತ.

ಅತ್ತೆಯನ್ನು ಬೀದಿಯವರೆಲ್ಲ ಇಸ್ತ್ರಿಯಮ್ಮ ಅನ್ನುತ್ತಿದ್ದರು. ಹಳೇ ಕಾಲದ ಕೈ. ಲೋಟದಿಂದ ಒಂದು ಗುಟುಕು ನೀರು ಬಾಯಿಗೆ ತುಂಬಿಕೊಂಡು, ಕೆನ್ನೆ ಉಬ್ಬಿಸಿ, ತುಟಿ ಸಣ್ಣಗೆ ಮಾಡಿ ಪುರ್ರೆಂದು ಊದಿದಳೆಂದರೆ ಅಂಗಿಯ ಮೇಲೆ ಮಂಜು ಕೂತ ಹಾಗೆ ಹನಿ ಕೂರುತ್ತಿತ್ತು. ಒಂದು ಹನಿ ದಪ್ಪ ಇಲ್ಲ, ಒಂದು ಹನಿ ಸಣ್ಣ ಇಲ್ಲ. ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸಿದರೆ ಸುಕ್ಕು ತಾನಾಗೇ ಓಡಿಹೋಗುತ್ತಿತ್ತು. ಕೈಯಲ್ಲಿ ನೀರು ಚಿಮುಕಿಸುವವರನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. ಅದೇನು ಇಸ್ತ್ರಿಯೇ, ಅಂಗಳಕ್ಕೆ ನೀರು ಹಾಕಿದ ಹಾಗೆ!

ಹಲ್ಲಿನ ವಿಷಯಕ್ಕೆ ಬಂದರೆ ಅವಳದು ಬೇರೆಯೇ ಲೆಕ್ಕ. ಬೆಳಗ್ಗೆ ಎದ್ದು ಮುಂದಿನ ನಾಲ್ಕು ಹಲ್ಲಿಗೆ ಬೆರಳು ತಾಗಿಸಿ ಉಗುಳಿದರೆ ಮುಗಿಯಿತು. ಯಾರಾದರೂ ಕೇಳಿದರೆ, ದಿನವಿಡೀ ನೀರು ತುಂಬಿ ಊದುವ ಬಾಯಿ ಇದು, ನಿಮ್ಮೆಲ್ಲರ ಬಾಯಿಗಿಂತ ಹೆಚ್ಚು ತೊಳೆದಿರುತ್ತೆ, ಇದಕ್ಕೆ ಬೇರೆ ಬ್ರಷ್ ಯಾಕೆ ಅಂತ ಗದರುತ್ತಿದ್ದಳು. ಕೇಳಿದವರೂ ತಲೆಯಾಡಿಸಿ ಹೋಗುತ್ತಿದ್ದರು. ಹೌದಲ್ಲ, ನೀರೇ ತಾನೆ ತೊಳೆಯೋದು? ಜಿಡ್ಡು ಹಿಡಿದ ಕಾಲರ್ ನೀರಲ್ಲಿ ಅದ್ದಿದ ಮಾತ್ರಕ್ಕೆ ಚೊಕ್ಕ ಆಗಲ್ಲ, ತಿಕ್ಕಬೇಕು ಅಂತ ಬಟ್ಟೆಯ ವಿಷಯದಲ್ಲಿ ಊರಿಗೇ ಪಾಠ ಹೇಳುವ ಹೆಂಗಸಿಗೆ ತನ್ನ ಹಲ್ಲಿನ ವಿಷಯದಲ್ಲಿ ಅದು ಹೊಳೆಯಲಿಲ್ಲ ನೋಡಿ.

ಸೊಸೆ ಬಂದ ಹೊಸದರಲ್ಲೇ ಇದು ಬಯಲಿಗೆ ಬಂತು. ಬ್ಯಾಂಕಿನವರೊಬ್ಬರ ಬಿಳಿ ಅಂಗಿಯ ಬೆನ್ನಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ. ಪೆಟ್ಟಿಗೆಯ ತುಕ್ಕು ಅಂದಳು ಇಸ್ತ್ರಿಯಮ್ಮ. ಸೊಸೆ ಪೆಟ್ಟಿಗೆಯ ತಳ ಉಜ್ಜಿ ಕನ್ನಡಿ ಮಾಡಿಟ್ಟಳು. ಮಾರನೇ ದಿನ ಮತ್ತೆ ಚುಕ್ಕೆ. ಸೊಸೆ ಸುಮ್ಮನೆ ಪಕ್ಕದಲ್ಲಿ ನಿಂತು ನೋಡಿದಳು. ಅತ್ತೆ ಊದಿದ ನೀರು ಬಟ್ಟೆಗೆ ಬೀಳುವಾಗಲೇ ತೆಳು ಗುಲಾಬಿ ಬಣ್ಣ ಇತ್ತು. ಒಸಡಿನ ರಕ್ತ. ಪೆಟ್ಟಿಗೆಯ ಬಿಸಿಗೆ ಅದೇ ಕಂದಾಗುತ್ತಿತ್ತು.

ಅವಳು ಆ ಅಂಗಿಯನ್ನು ಮತ್ತೆ ಒಗೆದು ಹಾಕಿದಳು. ಸಂಜೆ ಹೋಗಿ ಗಿಡಗಳಿಗೆ ನೀರು ಹೊಡೆಯುವ ಒಂದು ಬಾಟಲಿ ಕೊಂಡು ತಂದು ಮೇಜಿನ ಮೇಲಿಟ್ಟಳು. ಶುರುವಾಯಿತು ನೋಡಿ ಮಹಾಯುದ್ಧ. ಇಸ್ತ್ರಿಯಮ್ಮ ಬಾಟಲಿಯನ್ನು ಬೀದಿಗೆ ಎಸೆದಳು, ಸೊಸೆ ಹೆಕ್ಕಿ ತಂದಳು. ಮತ್ತೆ ಎಸೆದಳು, ಮತ್ತೆ ತಂದಳು. ಕೊನೆಗೆ ಗಿರಾಕಿಗಳೇ ಬಾಟಲಿ ನೀರಿನ ಇಸ್ತ್ರಿಯೇ ಬೇಕು ಅನ್ನತೊಡಗಿದಾಗ ಅತ್ತೆ ಸೋತಳು. ಸೋತರೂ ಸೊಸೆಗೆ ಬಾಟಲಿ ರಾಣಿ ಅಂತ ಹೆಸರಿಟ್ಟು ಸಮಾಧಾನ ಪಟ್ಟುಕೊಂಡಳು. ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದದ್ದಕ್ಕೆ ಮಾತ್ರ, ಮೊದಲು ನಿನ್ನ ನಾಲಗೆ ತೋರಿಸಿಕೊಂಡು ಬಾ, ಅದು ಬಹಳ ಉದ್ದ ಆಗಿದೆ ಅಂದಳು. ಆಮೇಲೆ ಸಕ್ಕರೆ ಕಾಯಿಲೆಯೂ ಬಂತು. ಸಕ್ಕರೆ ಏರಿದರೆ ಒಸಡು ಕೆಡುತ್ತೆ, ಒಸಡು ಕೆಟ್ಟರೆ ಸಕ್ಕರೆ ಇಳಿಯಲ್ಲ ಅಂತ ಡಾಕ್ಟರು ಹೇಳಿದ್ದು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಹೊರಗೆ ಬಂತು.

ಹೀಗೇ ವರ್ಷಗಳು ಹೋದವು. ಒಂದು ಬೆಳಗ್ಗೆ ಇಸ್ತ್ರಿಯಮ್ಮನ ಕೈಯಿಂದ ಪೆಟ್ಟಿಗೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಕುಸಿದಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಬಲಗೆನ್ನೆ ಮೂರೂ ಸುಮ್ಮನಾದವು. ಮಾತು ಹೋಯಿತು. ನುಂಗುವುದೂ ಹೋಯಿತು. ಆಸ್ಪತ್ರೆಯವರು ಮೂಗಿನಿಂದ ಹೊಟ್ಟೆಗೆ ಒಂದು ಸಣ್ಣ ನಳಿಗೆ ಇಳಿಸಿ, ಅದರಲ್ಲಿ ತೆಳು ಊಟ ಹಾಕುವುದನ್ನು ಕಲಿಸಿ ಮನೆಗೆ ಕಳಿಸಿದರು.

ಮನೆಯವರು ಮಾಡಿದ ತಪ್ಪು ಇಲ್ಲಿಂದ ಶುರು. ಊಟ ಹೋಗುವುದು ಮೂಗಿನಿಂದ, ಬಾಯಿಗೆ ಒಂದು ಅಗುಳೂ ಬೀಳುತ್ತಿಲ್ಲ. ತಿನ್ನದ ಬಾಯಿಯನ್ನು ತಿಕ್ಕೋದು ಯಾಕೆ ಅಂದ ಗಂಡ. ಹೌದು ಅನ್ನಿಸಿತು ಸೊಸೆಗೂ. ಮೈ ಒರೆಸಿದಳು, ತಲೆ ಬಾಚಿದಳು, ಹಾಸಿಗೆ ಬದಲಿಸಿದಳು, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸಿದಳು. ಬಾಯಿಯೊಂದನ್ನು ಬಿಟ್ಟಳು. ಎಷ್ಟಾದರೂ ಅತ್ತೆಯ ಬಾಯಿಯ ಸುದ್ದಿಗೆ ಹೋಗಿ ಹಿಂದೆ ಬೈಸಿಕೊಂಡದ್ದು ಸಾಕಾಗಿತ್ತು.

ಕೆಲವೇ ವಾರಗಳಲ್ಲಿ ಜ್ವರ ಬಂತು, ಎದೆ ಗೊರಗೊರ ಅನ್ನತೊಡಗಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ನ್ಯುಮೋನಿಯಾ. ವಾರ್ಡಿನ ಡಾಕ್ಟರಮ್ಮ ಟಾರ್ಚು ಹಿಡಿದು ಇಸ್ತ್ರಿಯಮ್ಮನ ತುಟಿ ಮೆಲ್ಲಗೆ ಎತ್ತಿ ನೋಡಿದರು. ಹಲ್ಲಿನ ಬುಡದಲ್ಲಿ ಗಾರೆಯ ಹಾಗೆ ಗಟ್ಟಿಯಾದ ಹಳದಿ ಕೊಳೆ, ನಾಲಗೆಯ ಮೇಲೆ ದಪ್ಪ ಬಿಳಿ ಪದರ, ನಾತ. ಈ ಬಾಯಿ ಯಾರು ನೋಡಿಕೊಳ್ತೀರಿ ಅಂತ ಕೇಳಿದರು. ಸೊಸೆಗೆ ನೆಲ ಬಿರಿದು ತನ್ನನ್ನು ನುಂಗಬಾರದೆ ಅನ್ನಿಸಿತು.

ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ತಿನ್ನುವ ಬಾಯಿಯಾದರೆ ಅಗಿಯುವಾಗ, ನುಂಗುವಾಗ ಅಷ್ಟಿಷ್ಟು ತಾನೇ ಚೊಕ್ಕ ಆಗುತ್ತೆ. ತಿನ್ನದ ಬಾಯಿಯಲ್ಲೇ ಕೊಳೆ ಹೆಚ್ಚು ಬೆಳೆಯೋದು. ನುಂಗೋದು ಸರಿ ಇಲ್ಲದವರಿಗೆ ಎಂಜಲು ದಾರಿ ತಪ್ಪಿ ಎದೆಗೆ ಇಳಿಯುತ್ತೆ, ಅದರ ಜೊತೆ ಆ ಕೊಳೆಯೂ ಇಳಿಯುತ್ತೆ. ಆಸ್ಪತ್ರೆಯ ಹಲ್ಲಿನ ಡಾಕ್ಟರು ಬಂದು ಆ ಗಾರೆ ತೆಗೆದರು, ಅಲುಗಾಡುತ್ತಿದ್ದ ಎರಡು ಹಲ್ಲು ಕಿತ್ತರು. ಉಳಿದದ್ದು ಇನ್ನು ನಿಮ್ಮ ಕೈಯಲ್ಲಿ ಅಂದರು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಸೊಸೆಯನ್ನು ಪಕ್ಕಕ್ಕೆ ಕರೆದರು.

"ಮುಂದಿನ ಸಲ ಬರೋವರೆಗೆ ಜ್ವರ ಬರದೆ, ಎದೆ ಚೊಕ್ಕ ಇದ್ರೆ, ನುಂಗೋ ಪರೀಕ್ಷೆ ಮಾಡೋಣ. ಪಾಸಾದ್ರೆ ನಳಿಗೆ ತೆಗೀತೀನಿ. ಆದ್ರೆ ಇನ್ನೊಂದು ಸಲ ಹೀಗೇ ಆದ್ರೆ ಅವರ ಮೈ ತಡೆಯಲ್ಲಮ್ಮ. ನಾನು ಸುಳ್ಳು ಹೇಳಲ್ಲ."

ಸೊಸೆ ಅಂದೇ ತೀರ್ಮಾನ ಮಾಡಿದಳು. ಬಸ್ಸಿನ ದಾರಿಯಲ್ಲೇ ಸಣ್ಣ ತಲೆಯ ಮೆತ್ತನೆ ಬ್ರಷ್ ಕೊಂಡಳು. ಈ ಬಾಯಿ ಇನ್ನು ತನ್ನದು, ಬೈಸಿಕೊಂಡರೂ ಸರಿ, ಕಚ್ಚಿಸಿಕೊಂಡರೂ ಸರಿ ಅಂತ ಗಂಡನಿಗೆ ಹೇಳಿದಳು. ಗಂಡ ಹೂಂ ಅಂದ. ಕಚ್ಚಿಸಿಕೊಳ್ಳುವ ಮಾತನ್ನು ಅವನು ಮಾತಿಗೆ ಅಂದದ್ದು ಅಂದುಕೊಂಡಿದ್ದ.

ಮಾರನೇ ಬೆಳಗ್ಗೆ ಹೇಳಿಕೊಟ್ಟ ಹಾಗೇ ಅತ್ತೆಯನ್ನು ದಿಂಬಿಗೆ ಒರಗಿಸಿ ನೆಟ್ಟಗೆ ಕೂರಿಸಿದಳು, ಗದ್ದ ಕೊಂಚ ಕೆಳಗೆ ಮಾಡಿದಳು. ನೀರು ಸುರಿಯುವ ಹಾಗಿಲ್ಲ, ಎದೆಗೆ ಹೋದೀತು. ಬ್ರಷ್ ಒದ್ದೆ ಮಾಡಿ ಕೊಡವಿ, ಅಕ್ಕಿಕಾಳಿನಷ್ಟು ಪೇಸ್ಟ್ ಹಚ್ಚಿದಳು. ಇಸ್ತ್ರಿಯಮ್ಮ ಹಲ್ಲು ಕಚ್ಚಿ ಕೂತಳು. ಬಾಯಿಗೆ ಬೀಗ ಅಂದರೆ ಬೀಗವೇ. ಅತ್ತೆ ಅಂದರೂ ಇಲ್ಲ, ಅಮ್ಮ ಅಂದರೂ ಇಲ್ಲ. ಸೊಸೆ ತುಟಿ ಸರಿಸಿ ಬೆರಳು ಒಳಗೆ ಹಾಕಿದಳು. ಕಚಕ್. ಉಗುರು ನೀಲಿಗಟ್ಟಿತು. ಲಕ್ವ ಬಲಗಡೆಗೆ ತಾನೆ ಹೊಡೆದದ್ದು, ಎಡಗಡೆ ದವಡೆ ಗಟ್ಟಿಯಾಗೇ ಇತ್ತು.

ಎರಡು ದಿನ ಇದೇ ಕುಸ್ತಿ. ತುಟಿಯ ಹಿಂದೆ ಹಲ್ಲಿನ ಹೊರಮೈಗೆ ಮಾತ್ರ ಬ್ರಷ್ ತಾಗುತ್ತಿತ್ತು. ಒಳಗಡೆ, ನಾಲಗೆ, ಬಲಗೆನ್ನೆಯ ಸಂದು ಯಾವುದೂ ಇಲ್ಲ. ತಾಯಿಯನ್ನು ನೋಡಲು ಬಂದ ನಾದಿನಿ ಇದನ್ನು ಕಂಡು ಕಣ್ಣೀರು ಹಾಕಿದಳು. ಮಾತಾಡಲು ಬಾರದ ಜೀವವನ್ನು ಹಿಡಿದು ಹಿಂಸೆ ಮಾಡುತ್ತೀಯಲ್ಲ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಹಳೇ ಲೆಕ್ಕ ತೀರಿಸುತ್ತಿದ್ದೀಯಾ ಅಂದಳು.  ಸೊಸೆ ಬಚ್ಚಲಿಗೆ ಹೋಗಿ ಅತ್ತಳು. ಮುಖ ತೊಳೆದು ಬಂದು, ಸಂಜೆ ಮತ್ತೆ ಬ್ರಷ್ ಕೈಗೆತ್ತಿಕೊಂಡಳು. ನಾದಿನಿ ಎದ್ದು ಹೋದಳು.

ದಾರಿ ಸಿಕ್ಕಿದ್ದು ಯೋಚನೆಯಿಂದಲ್ಲ, ನಿದ್ದೆಗೆಟ್ಟಿದ್ದರಿಂದ. ಅತ್ತೆಯ ಮಂಚವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಕಿದ್ದರು, ಬಾಗಿಲು ತೆರೆದರೆ ಇಸ್ತ್ರಿ ಮೇಜು ನೇರ ಕಾಣುತ್ತಿತ್ತು. ತೂಕಡಿಸುತ್ತಾ ಗಂಡನ ಅಂಗಿಗೆ ಪೆಟ್ಟಿಗೆ ಹಾಕುತ್ತಿದ್ದ ಸೊಸೆ, ಕಾಲರನ್ನು ತುದಿಯಿಂದ ನಡುವಿಗೆ ಎಳೆಯುವ ಬದಲು ನಡುವಿನಿಂದ ತುದಿಗೆ ತಳ್ಳಿಬಿಟ್ಟಳು. ತುದಿಯಲ್ಲಿ ಬಟ್ಟೆ ಮುದುಡಿ ಮಡಿಕೆ ಬಿತ್ತು. ಹಿಂದಿನಿಂದ ಆಆಆ ಅಂತ ಒಂದು ಅಬ್ಬರ! ಇಸ್ತ್ರಿಯಮ್ಮ ಕಣ್ಣು ಕೆಂಪಗೆ ಮಾಡಿ, ಗುಹೆಯ ಹಾಗೆ ಬಾಯಿ ತೆರೆದು ಕೂತಿದ್ದಳು. ಮಾತು ಬಾರದಿದ್ದರೇನು, ಕಾಲರ್ ಕೆಡಿಸುವವರನ್ನು ಬೈಯದೆ ಇರಲು ಆ ಜೀವಕ್ಕೆ ಸಾಧ್ಯವಿರಲಿಲ್ಲ.

ಸೊಸೆಯ ನಿದ್ದೆ ಹಾರಿಹೋಯಿತು. ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಬ್ರಷ್ ಹಿಡಿದು ಓಡಿದಳು. ಬಾಯಿ ಮುಚ್ಚುವಷ್ಟರಲ್ಲಿ ಎಡಗಡೆಯ ಒಳಸಾಲು ಮುಗಿದಿತ್ತು.

ಅಲ್ಲಿಂದ ಶುರುವಾಯಿತು ಕಾಲರ್ ಕೆಡಿಸುವ ಕಾರ್ಯಕ್ರಮ. ಬೆಳಗ್ಗೆ ಒಂದು ಅಂಗಿ, ಸಂಜೆ ಒಂದು ಅಂಗಿ. ಗಿರಾಕಿಗಳ ಬಟ್ಟೆ ಮುಟ್ಟುವ ಹಾಗಿಲ್ಲ, ಹಾಗಾಗಿ ಬಲಿ ಗಂಡನ ಅಂಗಿಗಳೇ. ಊರಿಗೆಲ್ಲ ಗರಿಗರಿ ಬಟ್ಟೆ ಹಂಚುವ ಮನುಷ್ಯ ತಾನು ಮಾತ್ರ ನಾಯಿ ಕಿವಿಯ ಹಾಗಿನ ಕಾಲರ್ ಹಾಕಿಕೊಂಡು ತಿರುಗುತ್ತಿದ್ದ. ಯಾರೋ ಕೇಳಿದರಂತೆ, ಏನಪ್ಪಾ, ಮನೇಲಿ ಜಗಳವಾ ಅಂತ. ಇಲ್ಲ, ಅಮ್ಮನ ಹಲ್ಲುಜ್ಜುತ್ತಿದ್ದೀವಿ ಅಂದನಂತೆ ಅವನು. ಕೇಳಿದವರು ಮತ್ತೆ ಅವನ ಸುದ್ದಿಗೆ ಬರಲಿಲ್ಲ.

ಆದರೆ ಇಸ್ತ್ರಿಯಮ್ಮ ದಡ್ಡಿಯಲ್ಲ. ಕೆಲವು ದಿನ ಕಳೆದ ಮೇಲೆ ಸೊಸೆ ಕಾಲರ್ ಕೆಡಿಸಿದಾಗ ಅಬ್ಬರ ಬರಲಿಲ್ಲ. ತಿರುಗಿ ನೋಡಿದರೆ ಅತ್ತೆ ಗೋಡೆ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿದ್ದಳು. ಅಂಗಿಯ ತೋಳನ್ನೇ ಸುಕ್ಕು ಮಾಡಿ ತೋರಿಸಿದಳು ಸೊಸೆ. ನೋಡಿದರೆ ತಾನೆ? ಆ ದಿನ ಬಾಯಿಯೊಳಗೆ ಬ್ರಷ್ ಹೋಗಲಿಲ್ಲ, ಮಾರನೇ ದಿನವೂ ಇಲ್ಲ. ಸಂಜೆ ಅತ್ತೆ ಎರಡು ಸಲ ಕೆಮ್ಮಿದಳು. ಹಣೆ ಮುಟ್ಟಿದರೆ ಬೆಚ್ಚಗಿದ್ದ ಹಾಗೆ. ಸೊಸೆ ಥರ್ಮಾಮೀಟರು ಇಟ್ಟು ನೋಡಿದಳು. ಜ್ವರ ಇರಲಿಲ್ಲ, ಬೆಚ್ಚಗಿದ್ದದ್ದು ಅಂಗಡಿಯ ಕಾವು. ಆದರೂ ಅವಳಿಗೆ ಭಯ ಹಿಡಿಯಿತು. ಹೀಗೆ ಕಳ್ಳಾಟ ಆಡುತ್ತಾ ಕೂತರೆ ಅತ್ತೆ ಉಳಿಯುವುದಿಲ್ಲ ಅಂತ ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದು ಮಂಚದ ಅಂಚಿನಲ್ಲಿ ಕೂತಳು. ಬ್ರಷ್ ತೋರಿಸಲಿಲ್ಲ.

"ಅತ್ತೆ, ನಿಮ್ಮ ಬಾಯಲ್ಲಿ ಇನ್ನೊಬ್ಬರ ಕೈ ಆಡೋದು ನಿಮಗಾಗಲ್ಲ. ನನ್ನ ಬಾಯಿಗೆ ಯಾರಾದ್ರೂ ಕೈ ಹಾಕಿದ್ರೆ ನಾನೂ ಕಚ್ತಿದ್ದೆ. ಆದ್ರೆ ಇನ್ನೊಂದು ಸಲ ಎದೆಗೆ ಇಳಿದ್ರೆ ನೀವು ಉಳಿಯಲ್ಲ ಅಂದಿದಾರೆ ಡಾಕ್ಟ್ರು. ನೀವು ಹೋಗೋದು ನಂಗಿಷ್ಟ ಇಲ್ಲ. ಜಗಳ ಆಡೋಕೆ ಈ ಮನೇಲಿ ನಂಗೆ ಇನ್ಯಾರಿದಾರೆ ಹೇಳಿ?"

ಇಸ್ತ್ರಿಯಮ್ಮ ಗೋಡೆಯಿಂದ ಮುಖ ತಿರುಗಿಸಿದಳು. ಎಡಗಣ್ಣಿನಿಂದ ಒಂದು ಹನಿ ಇಳಿದು ನಳಿಗೆಯ ಅಂಟುಪಟ್ಟಿಯ ಹತ್ತಿರ ನಿಂತಿತು. ದಿನಗಟ್ಟಲೆ ಎಲ್ಲರೂ ಅವಳ ಮೇಲೆ ಬಗ್ಗಿ ಏನೇನೋ ಮಾಡಿದ್ದರು, ಎದುರು ಕೂತು ಅವಳ ಸಾವಿನ ಮಾತನ್ನು ಅವಳಿಗೇ ಹೇಳಿದವರು ಯಾರೂ ಇರಲಿಲ್ಲ. ಸೊಸೆ ಎದ್ದು ಹೋಗಿ ಬ್ರಷ್ ತಂದಳು. ಹಿಡಿ ದಪ್ಪವಾಗಲಿ ಅಂತ ಹಳೇ ಬಟ್ಟೆಯ ಪಟ್ಟಿ ಸುತ್ತಿ, ದಾರ ಕಟ್ಟಿ, ಅತ್ತೆಯ ಎಡಗೈಯಲ್ಲಿಟ್ಟಳು.

ಇಸ್ತ್ರಿಯಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಾಯಿಯ ಹತ್ತಿರ ತಂದಳು. ಬ್ರಷ್ ಮೊದಲು ಗದ್ದಕ್ಕೆ ಹೋಯಿತು, ಆಮೇಲೆ ಮೂಗಿಗೆ, ಆಮೇಲೆ ಬಾಯಿಗೆ. ಎಡಗೈಯಲ್ಲಿ ಈವರೆಗೆ ಏನೂ ಮಾಡಿರದ ಹೆಂಗಸು. ಪೇಸ್ಟೆಲ್ಲ ತುಟಿಯ ಮೇಲೆ, ಒಸಡಿನಿಂದ ಸಣ್ಣಗೆ ರಕ್ತ. ಕಸಿದುಕೊಂಡು ಸರಿಯಾಗಿ ಮಾಡಬೇಕು ಅಂತ ಸೊಸೆಯ ಕೈ ತುರಿಸಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಬಲಗಡೆಯದ್ದೇ ಕಷ್ಟ. ಆ ಕೆನ್ನೆಯಲ್ಲಿ ಏನು ಸೇರಿಕೊಂಡಿದೆ ಅಂತ ಇಸ್ತ್ರಿಯಮ್ಮನಿಗೆ ತಿಳಿಯುತ್ತಲೇ ಇರಲಿಲ್ಲ. ಹಾಗಾಗಿ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಇಬ್ಬರೂ ಬಾಯಿ ಪಾಲು ಮಾಡಿಕೊಂಡರು. ಎಡಗಡೆ ಅತ್ತೆಯದು, ಬಲಗಡೆ ಸೊಸೆಯದು. ಅತ್ತೆ ತನ್ನ ಪಾಲು ಮುಗಿಸಿ, ಬೇಕೋ ಬೇಡವೋ ಅಂತ ಕೊಂಚ ಸತಾಯಿಸಿ, ಬಾಯಿ ತೆರೆಯುತ್ತಿದ್ದಳು. ಸೊಸೆ ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಕೆನ್ನೆಯ ಸಂದು ಒರೆಸುತ್ತಿದ್ದಳು, ನಾಲಗೆ ಒರೆಸುತ್ತಿದ್ದಳು, ನೊರೆಯೆಲ್ಲ ತೆಗೆದು ಒಣಗಿದ ತುಟಿಗೆ ವ್ಯಾಸಲೀನ್ ಹಚ್ಚುತ್ತಿದ್ದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿ ನಿಂತು ಕೂಗಿದರೆ, ಬಾಯಿ ಕೆಲಸದಲ್ಲಿದ್ದೀನಿ, ಇರಿ ಅನ್ನುತ್ತಿದ್ದಳು. ಕೆಲವರು ಗೊಣಗಿದರು, ಒಬ್ಬಿಬ್ಬರು ಬೇರೆ ಅಂಗಡಿಗೂ ಹೋದರು. ಹೋಗಲಿ ಬಿಡಿ ಅಂದಳು ಗಂಡನಿಗೆ.

ಮೊದಮೊದಲು ಬ್ರಷ್ಷಿಗೆ ದಿನಾ ರಕ್ತ ಅಂಟುತ್ತಿತ್ತು. ರಕ್ತ ಬಂತು ಅಂತ ನಿಲ್ಲಿಸಬೇಡಿ, ಮೆಲ್ಲಗೆ ಉಜ್ಜುತ್ತಾ ಹೋದರೆ ಒಸಡು ಗಟ್ಟಿಯಾಗಿ ರಕ್ತ ತಾನೇ ನಿಲ್ಲುತ್ತೆ ಅಂತ ಹಲ್ಲಿನ ಡಾಕ್ಟರು ಹೇಳಿದ್ದರು. ಸೊಸೆ ಅದನ್ನೇ ಮಂತ್ರದ ಹಾಗೆ ಹಿಡಿದಳು. ಬರಬರುತ್ತಾ ರಕ್ತ ಕಡಿಮೆಯಾಯಿತು. ನಾತ ಹೋಯಿತು. ಸಕ್ಕರೆಯೂ ಹಿಂದಿಗಿಂತ ಹಿಡಿತಕ್ಕೆ ಬಂತು, ಅದು ಬಾಯಿಂದಲೋ, ಹೊತ್ತಿಗೆ ಸರಿಯಾಗಿ ಕೊಟ್ಟ ಔಷಧಿಯಿಂದಲೋ ಅವಳು ಕೇಳಲು ಹೋಗಲಿಲ್ಲ. ನಾದಿನಿ ಮತ್ತೆ ಬಂದಾಗ, ತಾಯಿ ಕನ್ನಡಿ ಹಿಡಿಸಿಕೊಂಡು ಗಂಭೀರವಾಗಿ ಹಲ್ಲುಜ್ಜುತ್ತಿದ್ದದ್ದನ್ನು ಬಾಗಿಲಲ್ಲೇ ನಿಂತು ನೋಡಿದಳು. ಒಳಗೆ ಬಂದು, ಬಟ್ಟೆ ಗಂಟು ಬಿಚ್ಚಿ ಮಡಿಸುತ್ತಾ ಕೂತಳು.

ಪರೀಕ್ಷೆಯ ದಿನ ಬಂತು. ಆಸ್ಪತ್ರೆಯಲ್ಲಿ ಮೊದಲು ಎದೆಯ ಎಕ್ಸ್‌ರೇ ತೆಗೆದರು. ಚೊಕ್ಕ. ಆಮೇಲೆ ನುಂಗುವುದನ್ನು ನೋಡುವ ಥೆರಪಿಸ್ಟು ಬಂದು ಇಸ್ತ್ರಿಯಮ್ಮನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗಂಟಲ ಮೇಲೆ ಎರಡು ಬೆರಳಿಟ್ಟು, ಪುಡಿ ಬೆರೆಸಿ ಗಂಜಿಯ ಹಾಗೆ ಗಟ್ಟಿ ಮಾಡಿದ ನೀರನ್ನು ಅರ್ಧ ಚಮಚ ಬಾಯಿಗೆ ಇಟ್ಟಳು. ಎಷ್ಟೋ ಕಾಲದ ಮೇಲೆ ನಾಲಗೆಗೆ ಬಿದ್ದ ಮೊದಲ ಗುಟುಕು ಅದು. ಇಸ್ತ್ರಿಯಮ್ಮ ಕಣ್ಣು ಮುಚ್ಚಿದಳು.  ಕೆಮ್ಮಿದರೆ ಎಲ್ಲ ಮುಗಿಯಿತು. ಸೊಸೆ ತನಗೆ ಗೊತ್ತಿಲ್ಲದೆ ತಾನೂ ಗುಟುಕರಿಸಿದಳು.

ಗಂಟಲು ಮೇಲೇರಿ ಇಳಿಯಿತು. ಕೆಮ್ಮು ಬರಲಿಲ್ಲ. ಇನ್ನರ್ಧ ಚಮಚ. ಆಮೇಲೆ ಒಂದು ಪೂರ್ತಿ ಚಮಚ. ಆಮೇಲೆ ಹಿಸುಕಿದ ಬಾಳೆಹಣ್ಣು. ಪ್ರತಿಯೊಂದೂ ಇಳಿಯಿತು. ಥೆರಪಿಸ್ಟು ಬೆರಳು ತೆಗೆದು ನಕ್ಕಳು.

ಡಾಕ್ಟರಮ್ಮ ಟಾರ್ಚು ಹಿಡಿದು ಮುಂದೆ ಬಂದರು. ಒಳಗೆ ಏನಾದರೂ ಉಳಿದಿದೆಯಾ ನೋಡಬೇಕು, ಬಾಯಿ ತೆರೀರಿ ಅಂದರು. ಇಸ್ತ್ರಿಯಮ್ಮ ತಡ ಮಾಡದೆ ತೆರೆದಳು. ಡಾಕ್ಟರಮ್ಮ ಎಡಗಡೆ ನೋಡಿದರು, ಬಲಗಡೆ ನೋಡಿದರು, ನಾಲಗೆ ನೋಡಿದರು. ಒಸಡನ್ನು ಒತ್ತಿ ನೋಡಿದರು, ರಕ್ತ ಬರಲಿಲ್ಲ.

"ಇದು ಅದೇ ಬಾಯಾ? ಇಷ್ಟು ಚೆನ್ನಾಗಿ ಯಾರು ನೋಡ್ಕೊಂಡ್ರು?"

ಗಂಡ ಹೆಂಡತಿಯ ಕಡೆ ತಿರುಗಿದ. ನಾದಿನಿಯೂ ತಿರುಗಿದಳು. ಅಷ್ಟರಲ್ಲಿ ಇಸ್ತ್ರಿಯಮ್ಮ ಎಡಗೈ ಎತ್ತಿ, ಅಂಗೈ ಬಿಡಿಸಿ, ತನ್ನ ಎದೆಯನ್ನು ತಟ್ಟಿಕೊಂಡಳು. ಒಂದು ಸಲ ಅಲ್ಲ, ಎರಡು ಸಲ. ಯಾರಿಗಾದರೂ ಅನುಮಾನ ಉಳಿದೀತು ಅಂತ ಸುತ್ತ ನಿಂತವರನ್ನೆಲ್ಲ ಒಂದು ಸುತ್ತು ದಿಟ್ಟಿಸಿ ನೋಡಿದಳು.

ಅಲ್ಲಮ್ಮಾ ಅಂತ ಗಂಡ ಶುರು ಮಾಡಿದ. ಸೊಸೆ ಅವನ ಕಾಲು ತುಳಿದಳು. ಅವಳಿಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಗೋಡೆ ಕಡೆ ಮುಖ ಮಾಡಿ ಸಾಯಲು ಕೂತಿದ್ದ ಜೀವ ಇದು, ಈಗ ಎದೆ ತಟ್ಟಿ ಪೂರ್ತಿ ಹೆಸರು ತನಗೇ ಬೇಕು ಅನ್ನುತ್ತಿದೆ. ಇದಕ್ಕಿಂತ ಹೆಚ್ಚು ಇನ್ನೇನು ಬೇಕಿತ್ತು ಅವಳಿಗೆ?

"ಹೌದು ಡಾಕ್ಟ್ರೇ," ಅಂದಳು. "ಅವರೇ ನೋಡ್ಕೊಂಡ್ರು."

ಡಾಕ್ಟರಮ್ಮ ಕೈಗವಸು ಹಾಕಿಕೊಂಡು, ಮೂಗಿನ ಮೇಲೆ ನಳಿಗೆ ಹಿಡಿದಿದ್ದ ಅಂಟುಪಟ್ಟಿಯನ್ನು ಮೆಲ್ಲಗೆ ಬಿಡಿಸತೊಡಗಿದರು.